ಉಪ್ಪಿನ ಮಸೀದಿ, ಹಿಮದ ಬಕ್ರೀದ್: ಇಬ್ನ್ ಬತೂತರ ಕೊನೆಯ ಪಯಣ

ದುಬೈಗೆ ಹೋಗಿ ಬಂದವರಿಲ್ಲದ ಮನೆ ನಮ್ಮಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹೋದವರಲ್ಲಿ ಹೆಚ್ಚಿನವರು ಅಲ್ಲಿನ ಇಬ್ನ್ ಬತೂತ ಮಾಲ್‌ಗೆ ಒಮ್ಮೆಯಾದರೂ ಕಾಲಿಟ್ಟಿರುತ್ತಾರೆ. ಮಾಲ್‌ನ ಒಳಗೆ ಆರು ಅಂಗಳಗಳಿವೆ. ಚೀನಾ, ಭಾರತ, ಪರ್ಷಿಯಾ, ಈಜಿಪ್ಟ್, ಟುನೀಶಿಯಾ, ಆಂಡಲೂಸಿಯಾ ಅಂತ ಒಂದೊಂದಕ್ಕೂ ಆ ದೇಶದ ಬಣ್ಣ, ಆ ದೇಶದ ಚಾವಣಿ. ಆದರೆ ಇಬ್ನ್ ಬತೂತ ಹುಟ್ಟಿದ ಮೊರಾಕ್ಕೊಗೆ ಅಲ್ಲೊಂದು ಅಂಗಳವಿಲ್ಲ. ಅವರು ಕೊನೆಗೆ ದಾಟಿದ ಸಹರಾ ಮರುಭೂಮಿಗೂ ಇಲ್ಲ. ಎಸಿ ಹಾಕಿದ ಮಾಲ್‌ನಲ್ಲಿ ಮರುಭೂಮಿಗೆ ಎಲ್ಲಿಂದ ಜಾಗ ಕೊಡುವುದು ಅಂತ ನೀವು ಕೇಳಬಹುದು. ಈ ವಾರ ನಾವು ಹೇಳಹೊರಟಿರುವುದು ಅಂಗಳ ಸಿಗದ ಆ ಕೊನೆಯ ಪಯಣದ ಕಥೆ. ಅದಕ್ಕೆ ಮೊದಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇವೆ.

ಅವರ ಪೂರ್ತಿ ಹೆಸರು ಅಬೂ ಅಬ್ದುಲ್ಲಾ ಮುಹಮ್ಮದ್ ಇಬ್ನ್ ಅಬ್ದುಲ್ಲಾ ಅಲ್ ಲವಾತಿ ಅಲ್ ತಂಜಿ. ಲವಾತಿ ಅಂದರೆ ಲವಾತ ಎಂಬ ಬರ್ಬರ್ ಬುಡಕಟ್ಟಿನವರು, ತಂಜಿ ಅಂದರೆ ತಾಂಜಿಯರ್ ಊರಿನವರು. ಮೆಡಿಟರೇನಿಯನ್ ಸಮುದ್ರವೂ ಅಟ್ಲಾಂಟಿಕ್ ಸಾಗರವೂ ಸೇರುವಲ್ಲಿ, ಆಚೆ ದಡದಲ್ಲಿ ಸ್ಪೇನ್ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಆ ಊರು ಇದೆ. 1304ರ ಫೆಬ್ರವರಿಯಲ್ಲಿ ಅಲ್ಲಿ ಹುಟ್ಟಿದರು. ಖಾಝಿಗಳ ಮನೆತನ, ಮಾಲಿಕಿ ಮದ್‌ಹಬ್. ಊರಲ್ಲೇ ಇದ್ದಿದ್ದರೆ ಅವರೂ ಒಬ್ಬ ಖಾಝಿಯಾಗಿ ಸುಖವಾಗಿ ಇರುತ್ತಿದ್ದರೋ ಏನೋ.

1325ರ ಜೂನ್ 14ರಂದು ಹಜ್ಜ್‌ಗೆಂದು ಹೊರಟರು. ಪ್ರಾಯ 21. ಜೊತೆಗೆ ಗೆಳೆಯನಿಲ್ಲ, ಸೇರಿಕೊಳ್ಳಲು ಕಾಫಿಲಾ ಇಲ್ಲ. ಉಮ್ಮ ಬಾಪ ಇಬ್ಬರೂ ಬದುಕಿದ್ದರು. ಅವರನ್ನು ಬಿಟ್ಟು ಬರುವಾಗ ಮೂವರಿಗೂ ಆದ ಸಂಕಟವನ್ನು ಎಷ್ಟೋ ವರ್ಷಗಳ ನಂತರ ನೆನಪಿಟ್ಟುಕೊಂಡು ಪುಸ್ತಕದಲ್ಲಿ ಹೇಳಿಸಿದ್ದಾರೆ. ಇಂದಿನ ಆಲ್ಜೀರಿಯಾದ ಬಿಜಾಯ ಊರಿಗೆ ಬರುವಷ್ಟರಲ್ಲಿ ಜ್ವರ ಹಿಡಿಯಿತು. ನಿಂತು ಸುಧಾರಿಸಿಕೊಳ್ಳಿ ಅಂತ ಜೊತೆಯವರು ಹೇಳಿದರೂ ಕೇಳಲಿಲ್ಲ. ಕತ್ತೆಯನ್ನೂ ಭಾರದ ಸಾಮಾನನ್ನೂ ಮಾರಿದರು. ಬೀಳಬಾರದು ಅಂತ ಮುಂಡಾಸಿನ ಬಟ್ಟೆಯಿಂದ ತಮ್ಮನ್ನು ತಾವೇ ಜೀನಿಗೆ ಕಟ್ಟಿಕೊಂಡು ಮುಂದೆ ಹೋದರು. ಟ್ಯೂನಿಸ್ ಮುಟ್ಟಿದಾಗ ಊರವರು ಹೊರಗೆ ಬಂದು ತಮ್ಮ ತಮ್ಮ ಪರಿಚಯದವರಿಗೆ ಸಲಾಂ ಹೇಳಿ ಅಪ್ಪಿಕೊಂಡರು. ಈ ಹುಡುಗನನ್ನು ಕೇಳುವವರೇ ಇಲ್ಲ. ಅಲ್ಲೇ ಅತ್ತುಬಿಟ್ಟರು. ಅದನ್ನು ನೋಡಿದ ಒಬ್ಬ ಯಾತ್ರಿಕರು ಹತ್ತಿರ ಬಂದು ಮಾತಾಡಿಸಿ ಸಮಾಧಾನ ಮಾಡಿದರು. ಗಲ್ಫಿನ ವಿಮಾನ ನಿಲ್ದಾಣದಲ್ಲಿ ಮೊದಲ ಸಲ ಇಳಿದು, ಕರೆದುಕೊಂಡು ಹೋಗಲು ಯಾರೂ ಬಾರದೆ ನಿಂತ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಜ್ಜ್ ಮುಗಿದ ಮೇಲೆ ಊರಿಗೆ ಮರಳಲಿಲ್ಲ. ಇರಾಕ್, ಪರ್ಷಿಯಾ, ಯಮನ್, ಆಫ್ರಿಕಾದ ಪೂರ್ವ ಕರಾವಳಿ, ತುರ್ಕರ ನಾಡು ಎಲ್ಲ ಸುತ್ತಿ ದಿಲ್ಲಿಗೆ ಬಂದರು. ಅಲ್ಲಿ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಖಾಝಿಯಾಗಿ ನೇಮಿಸಿದ. ಕೊನೆಗೆ ಅವನ ರಾಯಭಾರಿಯಾಗಿ ಚೀನಾಕ್ಕೆ ಹೊರಟದ್ದರಿಂದಲೇ 1342ರ ಸುಮಾರಿಗೆ ಅವರ ಹಡಗು ನಮ್ಮ ಕರಾವಳಿಗೆ ಬಂತು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮದ್ರಸಗಳನ್ನು ಕಂಡರು. ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರು ಅಂತ ಬೆರಗುಪಟ್ಟರು. ಬಸ್ರೂರು, ಬಾರಕೂರು ದಾಟಿ ಮಂಗಳೂರಿಗೆ ಬಂದರು. ಅವರ ಬರಹದಲ್ಲಿ ನಮ್ಮ ಊರು ಮಂಜರೂರು. ಪರ್ಷಿಯಾ ಮತ್ತು ಯಮನ್‌ನ ವ್ಯಾಪಾರಿಗಳು ಬಂದಿಳಿಯುವ ಜಾಗ, ಕಾಳುಮೆಣಸು ಶುಂಠಿ ಯಥೇಚ್ಛ, ರಾಮದೇವ ಎಂಬ ಅರಸ, ಊರ ಹೊರವಲಯದಲ್ಲಿ ಸುಮಾರು 4,000 ಮುಸ್ಲಿಮರು. ಖಾಝಿಯ ಹೆಸರು ಬದ್ರುದ್ದೀನ್ ಅಲ್ ಮಅಬರಿ, ಶಾಫಿಈ ಮದ್‌ಹಬಿನವರು. ಅವರೇ ಹಡಗಿಗೆ ಬಂದು ಊರೊಳಗೆ ಬರಲು ಕರೆದರು, ಮೂರು ದಿನ ಉಳಿಸಿಕೊಂಡರು. ಇನ್ನೊಂದು ಮಾತು ನಮಗೆ ಬಹಳ ಇಷ್ಟ. ಈ ಕರಾವಳಿಯ ದಾರಿ ಮರಗಳ ನೆರಳಲ್ಲೇ ಸಾಗುತ್ತದೆ, ಅರ್ಧ ಮೈಲಿಗೊಂದು ಕಡೆ ಮರದ ತಂಗುಮನೆ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ಬಂದವರ ಕೈಗೆ ನೀರು ಹೊಯ್ಯಲು ಒಬ್ಬ ಆಳು ಅಂತ ಅವರು ವಿವರಿಸುತ್ತಾರೆ. ಕುದುರೆ ಕತ್ತೆಗಳ ಮೇಲೆ ಹೋಗುವವರಿಲ್ಲ, ಎಲ್ಲರೂ ಕಾಲ್ನಡಿಗೆಯಲ್ಲಿ ಇಲ್ಲವೇ ದೋಲಿಯಲ್ಲಿ. ಈ ನೆರಳನ್ನೂ ಈ ಬಾವಿಯನ್ನೂ ಮನಸ್ಸಲ್ಲಿ ಇಟ್ಟುಕೊಳ್ಳಿ.

ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು ಹೋಯಿತು, ಮಾಲ್ಡೀವ್ಸ್‌ನಲ್ಲಿ ಖಾಝಿಯಾದರು, ಸಿಲೋನ್, ಬಂಗಾಳ, ಸುಮಾತ್ರ, ಚೀನಾ ಎಂದು ಸುತ್ತಿದರು. 1348ರಲ್ಲಿ ದಮಾಸ್ಕಸ್‌ಗೆ ಬಂದಾಗ ಲೆಕ್ಕ ಚುಕ್ತಾ ಮಾಡುವ ಹೊತ್ತು ಬಂತು. ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿ ಬಿಟ್ಟುಹೋದ ಹೆಂಡತಿಗೆ ಹುಟ್ಟಿದ ಮಗನ ಬಗ್ಗೆ ವಿಚಾರಿಸಿದರು. ಮಗು ತೀರಿಕೊಂಡು 12 ವರ್ಷವಾಗಿತ್ತು. ತಾಂಜಿಯರ್ ಕಡೆಯ ಆಲಿಂ ಒಬ್ಬರು ಅಲ್ಲಿದ್ದಾರೆಂದು ತಿಳಿದು ಮನೆಯವರ ಬಗ್ಗೆ ಕೇಳಿದರು. ಬಾಪ ತೀರಿ 15 ವರ್ಷ, ಉಮ್ಮ ಇದ್ದಾರೆ ಎಂಬ ಉತ್ತರ ಸಿಕ್ಕಿತು.

ಉಮ್ಮ ಇದ್ದಾರೆ ಎಂದು ತಿಳಿದೂ ಅವರು ನೆಟ್ಟಗೆ ಮನೆಗೆ ಹೋಗಲಿಲ್ಲ. ಅದು ಮಹಾ ಪ್ಲೇಗ್ ಹಬ್ಬಿದ ವರ್ಷ. ಹೆಣಗಳ ನಡುವೆಯೇ ಸಿರಿಯಾ, ಗಾಝಾ, ಕೈರೋ ದಾಟಿ ಮತ್ತೊಮ್ಮೆ ಹಜ್ಜ್ ಮಾಡಿದರು. ಆಮೇಲೆ ಊರ ಕಡೆ ತಿರುಗಿದರು. 1349ರ ಕೊನೆಗೆ ಮೊರಾಕ್ಕೊದ ಒಳಗೆ, ತಾಝಾ ಎಂಬ ಊರಿಗೆ ತಲುಪಿದಾಗ ಸುದ್ದಿ ಬಂತು. ಉಮ್ಮನನ್ನೂ ಪ್ಲೇಗ್ ಕರೆದುಕೊಂಡು ಹೋಗಿತ್ತು. ತಾಂಜಿಯರ್‌ಗೆ ಹೋಗಿ ಝಿಯಾರತ್ ಮಾಡಿದರು. ಆ ಬಗ್ಗೆ ಪುಸ್ತಕದಲ್ಲಿರುವುದು ಒಂದೇ ಒಂದು ಸಾಲು. ಸುಲ್ತಾನರ ಉಡುಗೊರೆಗಳ ಪಟ್ಟಿ ಹೇಳಲು ಪುಟಗಟ್ಟಲೆ ತೆಗೆದುಕೊಳ್ಳುವವರು ಇಲ್ಲಿ ಯಾಕೆ ಇಷ್ಟು ಗಿಡ್ಡ ಮಾಡಿದರು? ಹೇಳಲು ಆಗಿರಲಿಕ್ಕಿಲ್ಲ ಅಂತ ನಮಗೆ ಅನಿಸುತ್ತದೆ. ಉಮ್ಮನ ಮಯ್ಯತ್ ನೋಡಲು ಬರಲಾಗದೆ ವಿದೇಶದಲ್ಲೇ ಕೂತು ಯಾಸೀನ್ ಓದಿದವರು ನಮ್ಮ ಜಮಾಅತ್‌ಗಳಲ್ಲಿ ಎಷ್ಟು ಮಂದಿ ಇಲ್ಲ! ಅವರೂ ಆ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸ್ವಲ್ಪ ಸಮಯ ಸ್ಪೇನಿನ ಗ್ರನಾಡಾ ಕಡೆ ಹೋಗಿ ಬಂದರು. ಮತ್ತೆ 1351ರಲ್ಲಿ ಫೆಸ್ ನಗರದಿಂದ ದಕ್ಷಿಣಕ್ಕೆ, ಅಟ್ಲಾಸ್ ಬೆಟ್ಟಗಳ ಆಚೆಗೆ ಹೊರಟರು. ಸುಲ್ತಾನ್ ಅಬೂ ಇನಾನ್ ಯಾವುದೋ ಕೆಲಸಕ್ಕೆ ಕಳಿಸಿರಬೇಕು ಎನ್ನುವವರಿದ್ದಾರೆ. ಇರಬಹುದು. ಆದರೆ ಮನೆಯಲ್ಲಿ ಕಾಯುವವರು ಯಾರೂ ಉಳಿದಿರಲಿಲ್ಲ ಎಂಬುದೂ ಅಷ್ಟೇ ನಿಜ.

ಈಗ ಆ ದಾರಿ ಪ್ರವಾಸಿಗರ ದಾರಿ. ಫೆಸ್‌ನಿಂದ ಬೆಳಿಗ್ಗೆ ಕಾರು ಹತ್ತಿದರೆ ದೇವದಾರು ಕಾಡುಗಳನ್ನು ದಾಟಿ, ತಲ್‌ಗಮ್ತ್ ಎಂಬ ಕಣಿವೆದಾರಿ ಹತ್ತಿ (ಅದರ ಎತ್ತರ ಸುಮಾರು 1,900 ಮೀಟರ್, ನಮ್ಮ ಕುದುರೆಮುಖದ ಶಿಖರದಷ್ಟೇ), ಝೀಝ್ ನದಿಯ ಖರ್ಜೂರದ ತೋಟಗಳ ಪಕ್ಕದಲ್ಲಿ ಇಳಿದು ರಾತ್ರಿಯೊಳಗೆ ಮರಳ ದಿಬ್ಬಗಳನ್ನು ಮುಟ್ಟಬಹುದು. ಯುರೋಪಿನವರು ಹೇಸರಗತ್ತೆಯ ಮೇಲೆ ಸಾಮಾನು ಹೊರಿಸಿ, ನಿಧಾನಕ್ಕೆ ನಡೆಯುತ್ತ, ಫೋಟೋ ತೆಗೆಯುತ್ತ ರಜೆ ಕಳೆಯುವ ಜಾಗ ಅದು. ರಿಸ್ಸಾನಿ ಎಂಬ ಪೇಟೆಯ ಪಕ್ಕದಲ್ಲಿ ಮಣ್ಣಿನ ಮುರುಕು ಗೋಡೆಗಳಿವೆ. ಸಿಜಿಲ್‌ಮಾಸ ಎಂಬ ದೊಡ್ಡ ನಗರದಲ್ಲಿ ಉಳಿದದ್ದು ಅಷ್ಟೇ. ಸಹರಾ ದಾಟುವ ಎಷ್ಟೋ ಕಾಫಿಲಾಗಳು ಆಗ ಹೊರಡುತ್ತಿದ್ದದ್ದು ಅಲ್ಲಿಂದ.

ಸಿಜಿಲ್‌ಮಾಸದಲ್ಲಿ ಇಬ್ನ್ ಬತೂತರಿಗೆ ಮನೆ ಕೊಟ್ಟವರು ಅಬೂ ಮುಹಮ್ಮದ್ ಅಲ್ ಬುಶ್ರಿ ಎಂಬ ಆಲಿಂ. ಮಾತಾಡುತ್ತ ಮಾತಾಡುತ್ತ ಗೊತ್ತಾಯಿತು ನೋಡಿ, ಚೀನಾದಲ್ಲಿ ತನಗೆ ಸಿಕ್ಕಿದ ಸಿರಿವಂತ ವ್ಯಾಪಾರಿ ಇವರ ಸ್ವಂತ ಅಣ್ಣ‌ತಮ್ಮಂದಿರಲ್ಲೇ ಒಬ್ಬರು ಅಂತ! ಇಬ್ಬರ ಹುಟ್ಟೂರೂ ತಾಂಜಿಯರ್‌ಗೆ ಹತ್ತಿರದ ಸಬ್ತ. ಒಬ್ಬರು ಚೀನಾದಲ್ಲಿ, ಇನ್ನೊಬ್ಬರು ಸಹರಾದ ಅಂಚಿನಲ್ಲಿ. ಒಂದೇ ಮನೆಯ ಮಕ್ಕಳಲ್ಲಿ ಒಬ್ಬ ಜಿದ್ದಾದಲ್ಲಿ, ಒಬ್ಬ ಮಸ್ಕತ್‌ನಲ್ಲಿ, ಇನ್ನೊಬ್ಬ ಬೆಂಗಳೂರಲ್ಲಿ ಇರುವ ಕಾಲದ ನಮಗೂ ಆ ದೂರ ಸಣ್ಣದಲ್ಲ.

ಅಲ್ಲಿನ ಖರ್ಜೂರ ಬಸ್ರಾದ್ದಕ್ಕಿಂತ ಒಳ್ಳೆಯದು ಅಂತ ತೀರ್ಪು ಕೊಟ್ಟು, ಒಂಟೆಗಳನ್ನು ಕೊಂಡು, ನಾಲ್ಕು ತಿಂಗಳ ಮೇವು ಕಟ್ಟಿಕೊಂಡು 1352ರ ಫೆಬ್ರವರಿಯಲ್ಲಿ ಕಾಫಿಲಾದ ಜೊತೆ ಹೊರಟರು. ಹಿಜ್ರಿ 753ರ ಮುಹರ್ರಂ ಒಂದು ಅದು, ವರ್ಷದ ಮೊದಲ ದಿನ. 25 ದಿನ ಸಾಗಿದ ಮೇಲೆ ತಗಾಝಾ ಸಿಕ್ಕಿತು.

ತಗಾಝಾ ಉಪ್ಪಿನ ಊರು. ಮನೆಗಳ ಗೋಡೆ ಉಪ್ಪಿನ ಗಟ್ಟಿಗಳದ್ದು, ಮಸೀದಿಯ ಗೋಡೆಯೂ ಉಪ್ಪಿನದ್ದೇ, ಮಾಡಿಗೆ ಒಂಟೆಯ ಚರ್ಮ. ಒಂದು ಮರ ಇಲ್ಲ, ಸುತ್ತ ಬರೀ ಮರಳು. ನೆಲ ಅಗೆದರೆ ಒಂದರ ಮೇಲೊಂದು ಇಟ್ಟಂತೆ ಉಪ್ಪಿನ ದೊಡ್ಡ ಹಲಗೆಗಳು. ಎರಡು ಹಲಗೆ ಹೊತ್ತರೆ ಒಂದು ಒಂಟೆಯ ಹೊರೆ ತುಂಬಿತು. ಬಾವಿಯ ನೀರು ಉಪ್ಪುಪ್ಪು, ನೊಣಗಳ ಕಾಟ ಹೇಳತೀರದು. ಅಲ್ಲಿ ಇದ್ದವರು ಯಾರು ಗೊತ್ತೇ? ಮಸೂಫ ಬುಡಕಟ್ಟಿನವರ ಗುಲಾಮರು ಮಾತ್ರ. ಅವರು ಉಪ್ಪು ಅಗೆಯುತ್ತಾರೆ. ಉತ್ತರದಿಂದ ಖರ್ಜೂರ, ದಕ್ಷಿಣದಿಂದ ಸಿರಿಧಾನ್ಯ ಬಂದರೆ ಊಟ. ಕಾಫಿಲಾ ತಡವಾದರೆ ಏನಾಗುತ್ತಿತ್ತು ಅಂತ ಯೋಚಿಸಿದರೇ ಗಂಟಲು ಒಣಗುತ್ತದೆ. ಆ ಉಪ್ಪಿನ ಒಂದು ಹೊರೆ ವಲಾತ ಊರಿಗೆ ಹೋದರೆ 8ರಿಂದ 10 ಮಿಸ್ಖಾಲ್ ಚಿನ್ನ, ಮಾಲಿ ರಾಜಧಾನಿಗೆ ಹೋದರೆ 20ರಿಂದ 30, ಕೆಲವೊಮ್ಮೆ 40. ಒಂದು ಮಿಸ್ಖಾಲ್ ಅಂದರೆ ಸುಮಾರು ನಾಲ್ಕೂಕಾಲು ಗ್ರಾಂ, ನಮ್ಮ ಅರ್ಧ ಪವನಿಗಿಂತ ತುಸು ಹೆಚ್ಚು. ಬೆಲೆಯನ್ನು ಇಷ್ಟು ಚೆನ್ನಾಗಿ ಬರೆಸಿದ ಇಬ್ನ್ ಬತೂತ ಅಗೆಯುವವರಲ್ಲಿ ಒಬ್ಬರ ಹೆಸರನ್ನೂ ಬರೆಸಲಿಲ್ಲ. ಅಲ್ಲಿ ಕಳೆದ ಹತ್ತು ದಿನ ತನಗೆ ಆದ ಕಷ್ಟವನ್ನು ಮಾತ್ರ ಹೇಳಿದ್ದಾರೆ.

ಅಲ್ಲಿಂದ ಮುಂದಕ್ಕೆ ಹತ್ತು ದಿನ ನೀರೇ ಇಲ್ಲದ ಹಾದಿ. ಆ ವರ್ಷ ಮಳೆ ಬಿದ್ದು ಬಂಡೆಗಳ ನಡುವೆ ಅಲ್ಲಲ್ಲಿ ನೀರು ನಿಂತಿದ್ದು ಅದೃಷ್ಟ. ಬಟ್ಟೆ ಕೂಡ ಒಗೆದುಕೊಂಡರಂತೆ. ಹೇನಿನ ಕಾಟಕ್ಕೆ ಜನ ಪಾದರಸ ತುಂಬಿದ ದಾರವನ್ನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಮೊದಮೊದಲು ಕೆಲವರು ಕಾಫಿಲಾಗಿಂತ ಮುಂದೆ ಹೋಗಿ, ಹುಲ್ಲು ಕಂಡಲ್ಲಿ ಪ್ರಾಣಿಗಳನ್ನು ಮೇಯಲು ಬಿಟ್ಟು ಕಾಯುತ್ತಿದ್ದರು. ಒಂದು ದಿನ ಇಬ್ನ್ ಝೀರಿ ಎಂಬವನು ತನ್ನ ನೆಂಟನೊಡನೆ ಜಗಳ ಮಾಡಿಕೊಂಡು ಹಿಂದೆ ಉಳಿದ. ಕಾಫಿಲಾ ತಂಗಿದಾಗ ಅವನಿಲ್ಲ. ಹುಡುಕಲು ಆಳು ಕಳಿಸಲು ನೆಂಟನಿಗೆ ಹೇಳಿದರೂ ಅವನು ಒಪ್ಪಲಿಲ್ಲ. ಮರುದಿನ ಒಬ್ಬ ತಾನಾಗಿಯೇ ಹುಡುಕುತ್ತ ಹೋದ. ಹೆಜ್ಜೆಗುರುತು ಒಮ್ಮೆ ದಾರಿಯ ಮೇಲೆ, ಒಮ್ಮೆ ದಾರಿ ಬಿಟ್ಟು. ಆಸಾಮಿ ಸಿಗಲೇ ಇಲ್ಲ. ಅಂದಿನಿಂದ ಇಬ್ನ್ ಬತೂತ ಕಾಫಿಲಾದ ಮುಂದೂ ಹೋಗಲಿಲ್ಲ, ಹಿಂದೂ ಉಳಿಯಲಿಲ್ಲ. ಅರ್ಧ ಪ್ರಪಂಚ ಸುತ್ತಿದ ಮನುಷ್ಯ, ಮಾರಾಯ್ರೆ! 48ನೇ ಪ್ರಾಯದಲ್ಲಿ ಸಾಲಿನಲ್ಲಿ ನಡೆಯುವುದನ್ನು ಕಲಿತರು.

ಮರುಭೂಮಿಯ ಕೊನೆಯ ಭಾಗಕ್ಕೆ ತಕ್‌ಶೀಫ್ ಅಂತ ಒಬ್ಬನನ್ನು ಮುಂದೆ ಕಳಿಸುತ್ತಿದ್ದರು. ಅವನು ಒಬ್ಬನೇ ವಲಾತಕ್ಕೆ ಹೋಗಿ ಕಾಗದ ಮುಟ್ಟಿಸಿದರೆ ಅಲ್ಲಿನವರು ನೀರು ಹೊತ್ತು ನಾಲ್ಕು ದಿನದ ದಾರಿ ಎದುರು ಬರುತ್ತಾರೆ. ಅವನು ದಾರಿಯಲ್ಲಿ ಸತ್ತರೆ? ವಲಾತದವರಿಗೆ ಸುದ್ದಿಯೇ ಇಲ್ಲ, ಕಾಫಿಲಾ ಪೂರ್ತಿ ಅಥವಾ ಅರ್ಧಕ್ಕರ್ಧ ಸತ್ತಂತೆಯೇ. ಆ ಸಲ ಆ ಕೆಲಸಕ್ಕೆ ಸಿಕ್ಕಿದ ಮಸೂಫ ಮನುಷ್ಯನಿಗೆ ಒಂದು ಕಣ್ಣು ಇಲ್ಲ, ಇನ್ನೊಂದಕ್ಕೆ ರೋಗ. ಸಂಬಳ 100 ಮಿಸ್ಖಾಲ್, ಅಂದರೆ 50 ಪವನಿಗೂ ಮಿಕ್ಕಿ. ಆದರೂ ದಾರಿ ಅವನಷ್ಟು ಚೆನ್ನಾಗಿ ಗೊತ್ತಿದ್ದವರು ಬೇರೆ ಇಲ್ಲ. ಗಾಳಿ ಬೀಸಿದರೆ ಗುಡ್ಡವೇ ಜಾಗ ಬದಲಿಸುವ ಮರಳಿನಲ್ಲಿ ಕಣ್ಣಿದ್ದೂ ಏನು ಪ್ರಯೋಜನ ಅಂತ ಕಾಣುತ್ತದೆ. ಏಳನೇ ರಾತ್ರಿ ದೂರದಲ್ಲಿ ಬೆಂಕಿ ಕಂಡಿತು. ನೀರು ತಂದವರ ಬೆಂಕಿ. ಅರ್ಧ ಮೈಲಿಗೊಂದು ಬಾವಿ ಇದ್ದ ನಮ್ಮ ದಾರಿ ಆ ರಾತ್ರಿ ಅವರಿಗೆ ನೆನಪಾಯಿತೋ ಏನೋ. ಅವನ ಹೆಸರನ್ನೂ ಅವರು ಬರೆಸಿಲ್ಲ. ಮಂಗಳೂರಲ್ಲಿ ಮೂರು ದಿನ ಊಟ ಹಾಕಿದ ಖಾಝಿಯ ಹೆಸರು ಹತ್ತು ವರ್ಷದ ನಂತರವೂ ನೆನಪಿತ್ತು. ಜೀವ ಉಳಿಸಿದ ದಾರಿಗಾರ ಬರೀ ತಕ್‌ಶೀಫ್ ಆಗಿ ಉಳಿದ. ಇದು ನಮಗೆ ಸ್ವಲ್ಪ ಬೇಸರದ ಸಂಗತಿ.

ಸಿಜಿಲ್‌ಮಾಸ ಬಿಟ್ಟು ಎರಡು ತಿಂಗಳಿಗೆ ವಲಾತ. ಅಲ್ಲಿನ ಹೆಂಗಸರಿಗೆ ಇದ್ದ ಗೌರವ, ಆಸ್ತಿ ಮಗನಿಗಲ್ಲದೆ ಸೋದರಳಿಯನಿಗೆ ಹೋಗುವ ಪದ್ಧತಿ ನೋಡಿ ಅವರಿಗೆ ದಿಗಿಲು. ಅಳಿಯಕಟ್ಟಿನ ತುಳುನಾಡನ್ನು ದಾಟಿ ಹೋದವರೇ, ಹೊಸದೇನಲ್ಲ! ಮುಂದೆ ಮಾಲಿಯ ರಾಜಧಾನಿಗೆ ಬಂದರು. ಮನ್ಸಾ ಸುಲೈಮಾನ್ ದೊರೆ. ದೊರೆಯ ಉಡುಗೊರೆ ಬಂತು, ಏಳಿ ಅಂತ ಯಾರೋ ಕೂಗಿದಾಗ ನಿಲುವಂಗಿ, ಹಣ ಎಂದುಕೊಂಡು ಎದ್ದರು. ಬಂದದ್ದು ಮೂರು ರೊಟ್ಟಿ, ಹುರಿದ ದನದ ಮಾಂಸದ ಒಂದು ತುಂಡು, ಸೋರೆಬುರುಡೆ ತುಂಬ ಮೊಸರು. ನಕ್ಕುಬಿಟ್ಟರು. ಆ ಮೇಲೆ ದೊರೆಯ ಎದುರೇ ದೂರಿದ್ದಕ್ಕೆ ಮನೆಯೂ ಖರ್ಚಿಗೆ ಹಣವೂ ಸಿಕ್ಕಿತು. ದೊರೆ ಜಿಪುಣ ಅಂತ ಬರೆಸಿದರೂ ನಾಡಿನ ಬಗ್ಗೆ ಅನ್ಯಾಯದ ಮಾತಾಡಲಿಲ್ಲ. ದಾರಿಯಲ್ಲಿ ಕಳ್ಳರ ಭಯವಿಲ್ಲ. ಪರದೇಶಿ ಸತ್ತರೆ ಅವನ ಸೊತ್ತನ್ನು ಯಾರೂ ಮುಟ್ಟದೆ, ಹಕ್ಕುದಾರರು ಬರುವವರೆಗೆ ನಂಬಿಗಸ್ತರ ಕೈಯಲ್ಲಿ ಇಡುತ್ತಾರೆ. ಜುಮಾಕ್ಕೆ ಬೇಗ ಹೋಗದಿದ್ದರೆ ಮಸೀದಿಯಲ್ಲಿ ಜಾಗ ಸಿಗುವುದಿಲ್ಲ. ಒಂದೇ ಅಂಗಿ ಇದ್ದವನೂ ಅದನ್ನು ಒಗೆದು ಬೆಳ್ಳಗೆ ಮಾಡಿ ಉಟ್ಟು ಬರುತ್ತಾನೆ. ಮಾಲಿಯನ್ನು ಅದರ ಉಚ್ಛ್ರಾಯ ಕಾಲದಲ್ಲಿ ಕಣ್ಣಾರೆ ಕಂಡು ಹೇಳಿದ ಬೇರೆ ಬರಹ ಜಗತ್ತಿನಲ್ಲಿ ಉಳಿದಿಲ್ಲ.

1353ರ ಫೆಬ್ರವರಿಯಲ್ಲಿ ಮರಳಿ ಹೊರಟು ಟಿಂಬಕ್ಟು ನೋಡಿ, ದೋಣಿಯಲ್ಲಿ ನೈಜರ್ ನದಿ ಇಳಿದು, ಗಾವೋ ದಾಟಿ ತಕದ್ದಾ ಎಂಬ ತಾಮ್ರದ ಗಣಿಯ ಊರಿಗೆ ಬಂದರು. ಅಲ್ಲಿಗೆ ಫೆಸ್‌ನ ಸುಲ್ತಾನನ ಆಜ್ಞೆ ಬಂತು, ವಾಪಸ್ ಬರಬೇಕು ಅಂತ. ಸೆಪ್ಟೆಂಬರಿನಲ್ಲಿ ಅವರು ಸೇರಿಕೊಂಡ ದೊಡ್ಡ ಕಾಫಿಲಾದಲ್ಲಿ ಮಾರಾಟಕ್ಕೆ ಕೊಂಡೊಯ್ಯುತ್ತಿದ್ದ 600 ದಾಸಿಯರಿದ್ದರು. ಈ ಸಂಖ್ಯೆಯನ್ನು ಅವರು ಒಂಟೆಯ ಲೆಕ್ಕ ಹೇಳಿದಂತೆ ಹೇಳಿ ಮುಂದೆ ಹೋಗುತ್ತಾರೆ. ಅವರೂ ತಕದ್ದಾದಲ್ಲಿ 25 ಮಿಸ್ಖಾಲ್ ಕೊಟ್ಟು ಓದುಬರಹ ಬಲ್ಲ ಒಬ್ಬಾಕೆಯನ್ನು ಕೊಂಡಿದ್ದರು. ಅದು ಆ ಕಾಲದ ರೂಢಿ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಮನೆಯವರಿಂದ ದೂರವಾಗಿ ಟ್ಯೂನಿಸ್‌ನಲ್ಲಿ ಅತ್ತ ಹುಡುಗ ಇವರೇ ಅಲ್ಲವೇ ಅಂತ ಓದುವಾಗ ನಮಗೆ ಅನಿಸದೆ ಇರುವುದಿಲ್ಲ. ಆ 600 ಮಂದಿಯೂ ಯಾರದೋ ಮಕ್ಕಳು.

ತುವಾತ್ ಎಂಬ ಓಯಸಿಸ್‌ಗಳ ಸಾಲಿನಲ್ಲಿ ಖರ್ಜೂರವೂ ಮಿಡತೆಯೂ ಊಟ. ಅಲ್ಲಿಂದ ಸಿಜಿಲ್‌ಮಾಸ. ಅಟ್ಲಾಸ್ ಏರುವಾಗ ನಡುಚಳಿಗಾಲ, ಮೈ ಕೊರೆಯುವ ಚಳಿ, ದಾರಿ ತುಂಬ ಹಿಮ. ಉಮ್ಮು ಜುನೈಬ ಅಂತ ಆ ಬೆಟ್ಟದ ದಾರಿಯ ಹೆಸರು. ಬುಖಾರಾ, ಸಮರ್‌ಖಂದ್, ಖುರಾಸಾನ್, ತುರ್ಕರ ನಾಡು ಎಲ್ಲೆಡೆ ಹಿಮ ಕಂಡಿದ್ದೇನೆ, ಇಷ್ಟು ಕಷ್ಟದ ದಾರಿ ಕಂಡಿಲ್ಲ ಅಂತ ಹೇಳಿದ್ದಾರೆ. ಪ್ರಪಂಚ ಸುತ್ತಿದವರಿಗೆ ಎಲ್ಲಕ್ಕಿಂತ ಕಠಿಣವಾದದ್ದು ಮನೆಗೆ ಮರಳುವ ದಾರಿಯೇ ಆಯಿತು. ಬಲಿ ಪೆರ್ನಾಲಿನ ಹಿಂದಿನ ರಾತ್ರಿ ದಾರುತ್ತಮಅ ಎಂಬ ತಾಣ ಮುಟ್ಟಿದರು. ಬಕ್ರೀದ್ ಅಲ್ಲೇ, ಬೆಟ್ಟದಲ್ಲೇ ಕಳೆಯಿತು. ಬಳಿಕ ಇಳಿದು ಫೆಸ್ ಸೇರಿದರು. 1354 ಶುರುವಾಗಿತ್ತು. ಮನೆ ಬಿಟ್ಟು 29ನೇ ವರ್ಷ.

ಸುಲ್ತಾನನ ಅಪ್ಪಣೆಯಂತೆ ಗ್ರನಾಡಾದ ಇಬ್ನ್ ಜುಝೈ ಎಂಬ ವಿದ್ವಾಂಸರಿಗೆ ಎಲ್ಲವನ್ನೂ ಹೇಳಿ ಬರೆಸಿದರು. 1355ರ ಡಿಸೆಂಬರಿನಲ್ಲಿ ಮುಗಿದ ಆ ಪುಸ್ತಕವನ್ನು ನಾವೀಗ ರಿಹ್ಲಾ ಅಂತ ಕರೆಯುತ್ತೇವೆ. ದಿಲ್ಲಿಯ ಸುದ್ದಿ ಕೇಳಿದ ಆಸ್ಥಾನದವರು ಸುಳ್ಳುಗಾರ ಅಂತ ಪಿಸುಗುಟ್ಟಿದರು. ಇದನ್ನು ದಾಖಲಿಸಿದವರು ಮಹಾನ್ ಇತಿಹಾಸಕಾರ ಇಬ್ನ್ ಖಲ್ದೂನ್. ಅವರ ಅನುಮಾನಕ್ಕೆ ವಝೀರರೊಬ್ಬರು ಒಂದು ಕಥೆ ಹೇಳಿದರಂತೆ. ಸೆರೆಮನೆಯಲ್ಲೇ ಬೆಳೆದ ಒಬ್ಬ ಹುಡುಗ ಇಲಿಗಳನ್ನು ಮಾತ್ರ ನೋಡಿದ್ದ. ಕುರಿ, ಒಂಟೆ ಎಂದು ಬಾಪ ಹೇಳಿದಾಗಲೆಲ್ಲ ಅವೂ ಇಲಿಯ ಜಾತಿಯವೇ ಅಂದುಕೊಳ್ಳುತ್ತಿದ್ದ.

ಆಮೇಲೆ ಇಬ್ನ್ ಬತೂತ ಎಲ್ಲಿಗೂ ಹೋಗಲಿಲ್ಲ. ಮೊರಾಕ್ಕೊದ ಒಂದು ಊರಿನಲ್ಲಿ, ಅಜ್ಜಂದಿರಂತೆ ಖಾಝಿಯಾಗಿ ಇದ್ದು 1368ರಲ್ಲೋ 69ರಲ್ಲೋ ತೀರಿಕೊಂಡರು. ತಾಂಜಿಯರ್‌ನ ಹಳೆಪೇಟೆಯ ಏರುಗಲ್ಲಿಯಲ್ಲಿ ಒಂದು ಸಣ್ಣ ಕಟ್ಟಡವನ್ನು ಅವರ ಖಬರ್ ಅಂತ ತೋರಿಸುತ್ತಾರೆ. ಹೌದು ಅನ್ನುವವರೂ ಅಲ್ಲ ಅನ್ನುವವರೂ ಇದ್ದಾರೆ. ಉಮ್ಮನ ಖಬರ್ ಆ ಊರಿನ ಯಾವ ಕಡೆ ಇತ್ತು ಅಂತ ಅವರು ಪುಸ್ತಕದಲ್ಲಿ ಹೇಳಿಲ್ಲ.